ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ: ಡಿಸ್ಕ್ ಲೇತ್ ಮಾಡಿಸಿ ಎರಡೂವರೆ ತಿಂಗಳಿಗೆ ಮತ್ತೆ ಶುರು

ಉಜಿರೆಯವ (ಮಾರ್ಚ್ 9)

ಎಲ್ಲರಿಗೂ ನಮಸ್ಕಾರ. ಗಾಡಿ 2015ರ ಡೀಸೆಲ್ ಹ್ಯಾಚ್‌ಬ್ಯಾಕ್, 82,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು) ಉಂಟು.

ಡಿಸೆಂಬರಿನಲ್ಲಿ ಚಿಕ್ಕಮಗಳೂರಿನ ಒಂದು ಮದುವೆ ಮುಗಿಸಿ ವಾಪಸ್ ಬರುವಾಗ ಐದು ಜನ, ಡಿಕ್ಕಿ ತುಂಬ ಸಾಮಾನು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮುಂದೆ ಒಂದು ಲಾರಿ, ಓವರ್‌ಟೇಕಿಗೆ ಜಾಗವಿಲ್ಲ. ಇಡೀ ಘಾಟಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದೆ. ಕೆಳಗೆ ಬಂದು ನಿಲ್ಲಿಸಿದಾಗ ಸುಟ್ಟ ವಾಸನೆ. ಮರುದಿನದಿಂದ 80ರಲ್ಲಿ ಬ್ರೇಕ್ ಹಿಡಿದರೆ ಸ್ಟೇರಿಂಗ್ ಗಡಗಡ ಅದುರಲಿಕ್ಕೆ ಶುರು. 40ಕ್ಕಿಂತ ಕೆಳಗೆ ಎಂತದೂ ಇಲ್ಲ.

ಗ್ಯಾರೇಜಿನವರು "ಡಿಸ್ಕ್ ಬೆಂಡ್" ಅಂತ ಹೇಳಿ ಎರಡನ್ನೂ ಲೇತಿಗೆ ಹಾಕಿಸಿ ಮುಖ ಕತ್ತರಿಸಿ ಸಮ ಮಾಡಿಸಿ, ಹೊಸ ಪ್ಯಾಡ್ ಕೂರಿಸಿ ಕೊಟ್ಟರು. 3,200 ರೂಪಾಯಿ. ಗಾಡಿ ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು. ಎರಡೂವರೆ ತಿಂಗಳು, ಸುಮಾರು 4,500 ಕಿ.ಮೀ. ಆದಮೇಲೆ ಮೆಲ್ಲ ಮೆಲ್ಲ ಮತ್ತೆ ಅದೇ ರೋಗ. ಈಗ ಅದೇ ಗ್ಯಾರೇಜಿನವರು ಡಿಸ್ಕ್, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್, ಸ್ಟೇರಿಂಗ್ ರ‍್ಯಾಕ್ ಎಲ್ಲ ಬದಲಿಸಬೇಕು, 24,000 ಆಗ್ತದೆ ಅಂತಾರೆ. ಎಂತ ಮಾಡುವುದು ಮಾರಾಯ್ರೆ?

ಮಂಡ್ಯದ ಬೆಲ್ಲ

ವೀಲ್ ಬ್ಯಾಲೆನ್ಸಿಂಗ್ ಮಾಡಿಸ್ಬುಡಿ ಸಾರ್, ನಾನೂರು ರೂಪಾಯ್ಲಿ ಮುಗ್ದೋಯ್ತದೆ. ನಂದೂ ಇಂಗೇ ಆಗಿತ್ತು.

ಎರಡನೇ ಗೇರ್

ಬೆಲ್ಲದವರೇ, ನಿಮ್ಮ ಗಾಡಿ ಬ್ರೇಕ್ ಮುಟ್ಟದೆ ಹೋಗುವಾಗಲೂ ಅದುರುತ್ತಿತ್ತಾ?

ಮಂಡ್ಯದ ಬೆಲ್ಲ

ಹೂಂ, 90 ಮುಟ್ಟುದ್ರೆ ಸಾಕು ಶುರುವಾಗೋದು. ಅಂಗಾದ್ರೆ ಇವರ್ದು ಬೇರೆ ಕಾಯ್ಲೆ ಅನ್ನಿ.

ಎರಡನೇ ಗೇರ್

ಬೇರೆಯೇ. ಬ್ರೇಕ್ ಮುಟ್ಟದಿದ್ದರೂ ಅದುರಿದರೆ ಚಕ್ರದ ತೂಕ, ಟೈರಿನ ಉಬ್ಬು, ರಿಮ್ಮಿನ ಸೊಟ್ಟ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಅದುರಿ, ಬಿಟ್ಟ ತಕ್ಷಣ ಸುಮ್ಮನಾದರೆ ಬ್ರೇಕನ್ನೇ ನೋಡಬೇಕು. ಉಜಿರೆಯವರೇ, ಹಣ ಬಿಚ್ಚುವ ಮೊದಲು ಇಷ್ಟು ನೋಡಿ ಹೇಳಿ.

ಅದುರುವುದು ಸ್ಟೇರಿಂಗಿನಲ್ಲಾ, ಸೀಟಿನ ಕೆಳಗಾ? ಸಾಮಾನ್ಯವಾಗಿ ಮುಂದಿನ ಡಿಸ್ಕಿನ ದೋಷ ಕೈಗೆ ಬರುತ್ತೆ, ಹಿಂದಿನ ಡ್ರಮ್ಮಿನದು ಸೊಂಟಕ್ಕೆ ಬರುತ್ತೆ. ಪೆಡಲ್ಲು ಕಾಲಿನಡಿ ಮೇಲೆ ಕೆಳಗೆ ಮಿಡಿಯುತ್ತಾ? ವೇಗ ಇಳಿದಂತೆ ಅದುರುವ ಲಯವೂ ನಿಧಾನವಾಗುತ್ತಾ? ಹಾಗಾದರೆ ಚಕ್ರದ ಸುತ್ತಿಗೆ ಕಟ್ಟಿಕೊಂಡ ದೋಷ. ನಿಮ್ಮ ಟೈರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ ಇರುತ್ತೆ, ಅಂದರೆ 80ರಲ್ಲಿ ಚಕ್ರ ಸೆಕೆಂಡಿಗೆ 11 ಸುತ್ತು. ಆ ಲೆಕ್ಕದಲ್ಲಿ ಬಡಿಯುವುದೇ ಕೈಗೆ ಗಡಗಡ ಅನ್ನಿಸೋದು.

ಇನ್ನೊಂದು, ಹತ್ತಿಪ್ಪತ್ತು ಕಿ.ಮೀ. ಓಡಿಸಿ ಬಂದು ಮುಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಚರ್ಮ ಹೋಗುತ್ತೆ. ಒಂದು ಹೆಚ್ಚು ಬಿಸಿ ಇದೆಯಾ ನೋಡಿ.

ಹುಬ್ಬಳ್ಳಿ ಹವಾ

ನಡುವ ಬಾಯಿ ಹಾಕಿದೆ ಅಂತ ಬೈಬ್ಯಾಡ್ರಿ. ನಮ್ಮ ಗಾಡಿ ಕಡಿ ಹಾಕಿದ ರೋಡಿನ ಮ್ಯಾಲೆ ಜೋರ್ ಬ್ರೇಕ್ ಹೊಡದ್ರ ಪೆಡಲ್ಲು ಕಾಲಿಗೆ ಟಕಟಕ ಬಡೀತೈತಿ, ಕರ್ರ ಅಂತ ಸಪ್ಪಳಾನೂ ಬರ್ತೈತಿ. ಇದೂ ಡಿಸ್ಕ್ ಏನ್ರೀ?

ಎರಡನೇ ಗೇರ್

ಅಲ್ಲ ಸರ್, ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು. ಚಕ್ರ ಜಾರುವಾಗ ಮಾತ್ರ ಬಂದರೆ ಹೆದರಬೇಡಿ, ಕಾಲು ತೆಗೆಯಲೂ ಬೇಡಿ. ಒಣ ಡಾಂಬರಿನ ಮೇಲೆ ಮೆತ್ತಗೆ ಒತ್ತಿದಾಗಲೂ ಬಂದರೆ ಆಗ ತೋರಿಸಿ.

ಉಜಿರೆಯವ (ಮಾರ್ಚ್ 11)

ನೋಡಿದೆ. ಅದುರುವುದು ಕೈಯಲ್ಲೇ. ಪೆಡಲ್ಲು ಸ್ವಲ್ಪ ಮಿಡಿಯುತ್ತದೆ. ಲಯ ವೇಗದ ಜೊತೆಗೇ ಇಳಿಯುತ್ತದೆ.

ಬಿಸಿ ಅಳೆಯಲಿಕ್ಕೆ ಮನೆಯಲ್ಲಿದ್ದ, ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಹಿಡಿದೆ. ಜ್ವರದ ಗೆರೆ ದಾಟಿದ ಮೇಲೆ ಅದು ಬರೀ ಎರರ್ ತೋರಿಸುವುದು! ಅಪ್ಪ ಅಂಗಳದಲ್ಲಿ ನಿಂತು ನಗಾಡಿದರು. ಆಮೇಲೆ ವಯರಿಂಗ್ ಕೆಲಸದ ಗೆಳೆಯನ ಹತ್ತಿರ ಇದ್ದ, ಹೆಚ್ಚು ಬಿಸಿ ಅಳೆಯುವ ಗನ್ ತಂದು ಡಿಸ್ಕಿಗೇ ಹಿಡಿದೆ. ಬೆಳ್ತಂಗಡಿಗೆ ಹೋಗಿ ಬಂದ ಮೇಲೆ ಎಡಗಡೆ 148 ಡಿಗ್ರಿ, ಬಲಗಡೆ 96.

ಡಿಪೋ ಮೇಸ್ತ್ರಿ

ನಾನು ಬಸ್ ಡಿಪೋದಲ್ಲಿ 31 ವರ್ಷ ಪಾನಾ ಹಿಡಿದವನು, ಈಗ ನಿವೃತ್ತ. ಸಕಲೇಶಪುರದ ಆಚೆ ಘಾಟಿ ಇಳಿದು ಬಂದ ಗಾಡಿಗಳ ಡ್ರಮ್ಮಿನ ಬಿಸಿಗೆ ಚಳಿಗಾಲದಲ್ಲಿ ಕೈ ಕಾಯಿಸಿಕೊಂಡದ್ದೂ ಉಂಟು.

ತಮ್ಮಾ, ರ‍್ಯಾಕ್ ಗೀಕ್ ಮುಟ್ಟಬೇಡ. ಎಡಗಡೆ ಬಿಸಿ ಜಾಸ್ತಿ ಅಂದರೆ ಆ ಪ್ಯಾಡು ಡಿಸ್ಕನ್ನು ಬಿಡುತ್ತಿಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವುದಕ್ಕೆ ಎರಡು ಪಿನ್ ಇರ್ತವೆ. ನಮ್ಮ ಮಳೆಗೆ ರಬ್ಬರ್ ಟೋಪಿ ಹರಿದು ನೀರು ಹೊಕ್ಕರೆ ತುಕ್ಕು ಹಿಡಿದು ಗೂಟದ ಹಾಗೆ ಕೂತುಬಿಡ್ತವೆ. ಪ್ಯಾಡ್ ಹಾಕುವಾಗ ಪಿನ್ ಬಿಚ್ಚಿ ನೋಡಿದ್ದರಾ ಅಂತ ಕೇಳು. ಬಹಳ ಕಡೆ ಒಂದು ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಮೇಲಕ್ಕೆ ಮಡಚಿ, ಪ್ಯಾಡ್ ತುರುಕಿ ಕಳಿಸ್ತಾರೆ. ಹತ್ತು ನಿಮಿಷದ ಕೆಲಸ.

ಘಾಟಿಯ ಮಾತು ಒಂದು. 1,100 ಕೆ.ಜಿ. ಗಾಡಿ 100 ಮೀಟರ್ ಎತ್ತರ ಇಳಿದರೆ, ಆ ಶಕ್ತಿಯೆಲ್ಲ ಬ್ರೇಕಿಗೇ ಬಂದರೆ, ಮೂರು ಲೀಟರ್ ತಣ್ಣೀರು ಕುದಿಸುವಷ್ಟು ಶಾಖ. ಚಾರ್ಮಾಡಿ ನೂರೇ ಮೀಟರಲ್ಲ. ನೀನು ಐದು ಜನ ಕೂರಿಸಿಕೊಂಡು ಹಂಡೆಗಟ್ಟಲೆ ನೀರು ಕಾಯಿಸಿದ್ದೀಯ. ಡಿಸ್ಕ್ ಬೆಂಡಾಗದೆ ಇನ್ನೇನು!

ಪೀಣ್ಯ ಎಂಜಿನಿಯರ್

ಮೇಸ್ತ್ರಿಯವರ ಪಿನ್ ಮಾತಿಗೆ ನೂರಕ್ಕೆ ನೂರು. "ಬೆಂಡ್" ಅನ್ನುವ ಮಾತಿಗೆ ಮಾತ್ರ ತಕರಾರು. ಎರಕದ ಕಬ್ಬಿಣದ ಡಿಸ್ಕು ಘಾಟಿಯ ಬಿಸಿಗೆ ಹಪ್ಪಳದ ಹಾಗೆ ಸೊಟ್ಟಾಗುವುದು ಅಪರೂಪ. ಹೆಚ್ಚಿನ ಸಲ ಆಗುವುದು ಇದು: ಪ್ಯಾಡಿನ ಮಾಲು ಅತಿ ಬಿಸಿಗೆ ಡಿಸ್ಕಿನ ಮೇಲೆ ಅಲ್ಲಲ್ಲಿ ಪದರವಾಗಿ ಅಂಟುತ್ತೆ. ಅದರಲ್ಲೂ ಘಾಟಿ ಇಳಿದು ಚೆಕ್‌ಪೋಸ್ಟಲ್ಲೋ ಟೀ ಅಂಗಡಿ ಮುಂದೋ ಗಾಡಿ ನಿಲ್ಲಿಸಿ ಬ್ರೇಕ್ ಒತ್ತಿಯೇ ಇಟ್ಟುಕೊಂಡರೆ ಪ್ಯಾಡಿನ ಅಚ್ಚು ಅಲ್ಲೇ ಬೀಳುತ್ತೆ. ಆ ಜಾಗ ಮುಂದೆ ಹೆಚ್ಚು ಉಜ್ಜಿಕೊಂಡು ಹೆಚ್ಚು ಬಿಸಿಯಾಗಿ, ಸುಮಾರು 650–700 ಡಿಗ್ರಿ ಮುಟ್ಟಿದರೆ ಅಲ್ಲಿಯ ಕಬ್ಬಿಣ ಸಿಮೆಂಟೈಟ್ ಅನ್ನುವ ಗಟ್ಟಿ ರೂಪಕ್ಕೆ ತಿರುಗುತ್ತೆ. ನೀಲಿ ಮಚ್ಚೆ ಕಂಡರೆ ಅನುಮಾನಪಡಿ. ಆಳಕ್ಕೆ ಇಳಿದ ಮಚ್ಚೆ ಲೇತಿಗೆ ಪೂರ್ತಿ ಹೋಗುವುದಿಲ್ಲ. ಸುತ್ತಲ ಕಬ್ಬಿಣ ಸವೆದು, ಗಟ್ಟಿ ಜಾಗ ದಿಬ್ಬದಂತೆ ಮತ್ತೆ ಏಳುತ್ತೆ.

ಕೈಗೆ ಸಿಗುವ ನಡುಕಕ್ಕೆ ಕಾರಣ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ ಇರುವುದು. 0.02 ಮಿ.ಮೀ. ವ್ಯತ್ಯಾಸ ಇದ್ದರೂ ಕೆಲವು ಗಾಡಿಗಳಲ್ಲಿ ಗೊತ್ತಾಗುತ್ತೆ.

ಡಿಪೋ ಮೇಸ್ತ್ರಿ

ಎಂಜಿನಿಯರ್ ಸಾಹೇಬರೇ, ನೀವು ಮೈಕ್ರೋಮೀಟರ್ ಹಿಡಿದು ದಪ್ಪ ಅನ್ನುತ್ತೀರಿ, ನಾವು ಕಾಲಲ್ಲಿ ಒತ್ತಿ ನೋಡಿ ಬೆಂಡ್ ಅನ್ನುತ್ತೇವೆ. ಆಗಲಿ, ದಪ್ಪವೇ ಇರಲಿ.

ದಾವಣಗೆರೆ ಲೇತ್

ಇಬ್ಬರೂ ಜಗಳ ಆಡೋದ್ರಲ್ಲಿ ಮುಖ್ಯವಾದ್ದು ಬಿಟ್ರಿ. ಎರಡೂವರೆ ತಿಂಗಳು! ಇವರ ಕಥೆಯಲ್ಲಿ ಹಿಡಿಯಬೇಕಾದ್ದು ಅದನ್ನೇ.

ನಾನು ದಿನಾ ಡಿಸ್ಕ್ ಫೇಸಿಂಗ್, ಅಂದ್ರೆ ಲೇತಲ್ಲಿ ಮುಖ ಕತ್ತರಿಸಿ ಸಮ ಮಾಡೋ ಕೆಲಸ, ಮಾಡೋನು. ನನ್ನ ಲೇತ್ ಸರಿ ಇಲ್ದೆ ದಪ್ಪ ಏರುಪೇರಾಗಿ ಕತ್ತರಿಸಿದ್ರೆ ಗಿರಾಕಿ ಅವತ್ತೇ ವಾಪಸ್ ಬರ್ತಾನೆ. ಬೆಣ್ಣೆ ಹಂಗೆ ಹೋಗಿ, ನಾಲ್ಕೈದು ಸಾವಿರ ಕಿ.ಮೀ. ಆದ್ಮೇಲೆ ಬಂದ ಅಂದ್ರೆ ಡಿಸ್ಕ್ ಸರಿಯಾಗೇ ಹೋಗಿತ್ತು, ಅದನ್ನ ಹೊತ್ಕೊಂಡ ಜಾಗ ಸರಿ ಇರಲಿಲ್ಲ. ಡಿಸ್ಕ್ ಕೂರೋದು ಹಬ್ಬಿನ, ಅಂದ್ರೆ ಚಕ್ರ ಬಿಗಿಯೋ ನಡುವಿನ ಭಾಗದ, ಮುಖದ ಮೇಲೆ. ಅಲ್ಲಿ ತುಕ್ಕಿನ ಒಂದು ಚಕ್ಕೆ, ಕೂದಲಿನಷ್ಟು ದಪ್ಪದ್ದು, ಕೂತಿದ್ರೆ ಡಿಸ್ಕ್ ಓರೆಯಾಗುತ್ತೆ. ಹಬ್ ಚಿಕ್ಕದು, ಡಿಸ್ಕ್ ಅದರ ಎರಡು ಪಟ್ಟು ಅಗಲ. ಹಬ್ಬಿನಲ್ಲಿ 0.05 ಮಿ.ಮೀ. ಓರೆ ಅಂಚಿಗೆ ಬರೋಷ್ಟರಲ್ಲಿ ಹತ್ತಿರ ಹತ್ತಿರ 0.1.

ಮೊದಲ ದಿನ ಅದು ಗೊತ್ತಾಗಲ್ಲ. ಓರೆ ಡಿಸ್ಕಿನ ಜೊತೆ ಕ್ಯಾಲಿಪರ್ರೂ ಆಚೆ ಈಚೆ ಜಾರಿಕೊಂಡು ಹೋಗುತ್ತೆ. ಆದ್ರೆ ಬ್ರೇಕ್ ಬಿಟ್ಟು ಸುಮ್ನೆ ಓಡುವಾಗ ಉಬ್ಬಿರೋ ಜಾಗ ಸುತ್ತಿಗೊಂದ್ಸಲ ಪ್ಯಾಡನ್ನ ಸವರುತ್ತೆ. 4,500 ಕಿ.ಮೀ. ಅಂದ್ರೆ ಚಕ್ರ 23 ಲಕ್ಷ ಸುತ್ತು. 23 ಲಕ್ಷ ಸಲ ಒಂದೇ ಜಾಗ ಸವರಿದ್ರೆ ಅಲ್ಲಿ ತೆಳ್ಳಗಾಗದೆ ಇರುತ್ತಾ? ಪಿನ್ನೂ ಹಿಡಿದಿದ್ರೆ ಇನ್ನೂ ಬೇಗ. ಹೊಸ ಡಿಸ್ಕ್ ಹಾಕಿದ್ರೂ ಇದೇ ಕಥೆ. ಜನ "ಡೂಪ್ಲಿಕೇಟ್ ಡಿಸ್ಕ್ ಕೊಟ್ಟ" ಅಂತ ಅಂಗಡಿಯವನನ್ನ ಬೈತಾರೆ.

ಲೇತಿಗೆ ಡಿಸ್ಕ್ ಮಾತ್ರ ಕಳಿಸ್ತಾರೆ, ಹಬ್ ಗಾಡಿಯಲ್ಲೇ ಇರುತ್ತೆ. ನಾನು ಅದನ್ನ ನೋಡೋದೆಲ್ಲಿಂದ?

ಮಿಷಿಗನ್ ಮಲ್ಲಿಗೆ

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಬ್ ತುಕ್ಕಿನ ಕಾಟ ಹೇಳತೀರದು. ಕೆಲವು ಅಂಗಡಿಗಳಲ್ಲಿ ಡಿಸ್ಕ್ ಬಿಚ್ಚದೆ ಗಾಡಿಯ ಮೇಲೇ ಫೇಸಿಂಗ್ ಮಾಡುವ ಯಂತ್ರ ಇದೆ. ಹಬ್ಬಿನ ಓರೆಯನ್ನೂ ಸೇರಿಸಿಕೊಂಡು ಕತ್ತರಿಸುತ್ತೆ. ಊರಲ್ಲಿ ಸಿಗುತ್ತಾ?

ದಾವಣಗೆರೆ ಲೇತ್

ಮೇಡಂ, ದೊಡ್ಡ ಊರಲ್ಲಿ ಹುಡುಕಿದ್ರೆ ಸಿಗಬಹುದು. ನಮ್ಮ ಕಡೆ ವೈರ್ ಬ್ರಷ್ಷೇ ಗತಿ, ಸಾಲುತ್ತೆ ಕೂಡ.

ಉಜಿರೆಯವ

ಹಾಗಾದರೆ ನಾನು ಈಗ ಎಂತ ಅಳೆಯಬೇಕು? ತಮ್ಮನ ಕಾಲೇಜಿನ ವರ್ಕ್‌ಶಾಪಿನಿಂದ ಡಯಲ್ ಗೇಜ್ (ಸಣ್ಣ ಓರೆ ಅಳೆಯುವ ಮುಳ್ಳಿನ ಮಾಪಕ) ಸಿಗ್ತದೆ.

ದಾವಣಗೆರೆ ಲೇತ್

ಸಿಕ್ಕಿದ್ರೆ ನೀವು ಗೆದ್ದಂಗೆ. ಸಮ ನೆಲದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಜಾಕ್ ಹಾಕಿ, ಸ್ಟ್ಯಾಂಡ್ ಕೊಡದೆ ಕೆಳಗೆ ತಲೆ ಹಾಕಬೇಡಿ. ಚಕ್ರ ಬಿಚ್ಚಿ, ವಾಷರ್ ಹಾಕಿ ಅದೇ ನಟ್ಟುಗಳಿಂದ ಡಿಸ್ಕನ್ನ ಹಬ್ಬಿಗೆ ಬಿಗೀರಿ. ಇಲ್ದಿದ್ರೆ ಡಿಸ್ಕ್ ಸಡಿಲವಾಗಿ ಸುಳ್ಳು ಲೆಕ್ಕ ಬರುತ್ತೆ. ಗೇಜಿನ ಬುಡಾನ ಸ್ಟ್ರಟ್ಟಿಗೆ (ಮುಂದಿನ ಶಾಕ್ ಅಬ್ಸಾರ್ಬರ್ ಕಂಬಕ್ಕೆ) ಹಿಡಿಸಿ, ಮುಳ್ಳನ್ನ ಡಿಸ್ಕಿನ ಅಂಚಿಂದ 10 ಮಿ.ಮೀ. ಒಳಗೆ ಕೂರಿಸಿ ನಿಧಾನ ಒಂದು ಸುತ್ತು ತಿರುಗಿಸಿ. 0.05ರ ಒಳಗಿದ್ರೆ ಬಹಳ ಚೆಂದ. 0.1 ದಾಟಿದ್ರೆ ಡಿಸ್ಕ್ ತೆಗೆದು ಹಬ್ಬಿನ ಮುಖ ನೋಡಿ.

ಆಮೇಲೆ ಮೈಕ್ರೋಮೀಟರಲ್ಲಿ ಸುತ್ತ ಎಂಟು ಕಡೆ ದಪ್ಪ ಅಳೀರಿ, ಎಲ್ಲಾ ಅಂಚಿಂದ ಒಂದೇ ದೂರದಲ್ಲಿ. ವರ್ನಿಯರ್ ಬೇಡ, ಅಂಚಿನ ದಿಬ್ಬಕ್ಕೆ ತಾಗಿ ಮೋಸ ಮಾಡುತ್ತೆ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಮೇಲೇ ಕೊರೆದಿರುತ್ತೆ.

ಕುಂದಾಪ್ರದ ಮಾಣಿ

ಬ್ರೇಕ್ ಆಯಿಲ್ ಬದಲ್ಸಿ ಕಾಣಿ, ಸಮ ಆತ್ತ್.

ಪೀಣ್ಯ ಎಂಜಿನಿಯರ್

ಆಯಿಲ್ ಹಳತಾದರೆ ನೀರು ಹೀರಿಕೊಂಡು ಬೇಗ ಕುದಿಯುತ್ತೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದು 205 ಡಿಗ್ರಿ ತಾಳಬೇಕು ಅಂತ ನಿಯಮ, ನೀರು ಸೇರಿದ ಮೇಲೆ 140. ಆಗ ಪೆಡಲ್ಲು ಹತ್ತಿಯ ಹಾಗೆ ಕೆಳಗೆ ಹೋಗುತ್ತೆ, ಬ್ರೇಕೇ ಸಿಗುವುದಿಲ್ಲ. ಅಪಾಯದ ವಿಷಯ, ಎರಡು ವರ್ಷಕ್ಕೊಮ್ಮೆ ಬದಲಿಸಿ. ನಡುಕಕ್ಕೆ ಮಾತ್ರ ಅದು ಮದ್ದಲ್ಲ.

ಉಜಿರೆಯವ (ಮಾರ್ಚ್ 16)

ಭಾನುವಾರ ಇಡೀ ಅಂಗಳದಲ್ಲೇ ಕಳೆಯಿತು. ಎಡಗಡೆ ಗೇಜು 0.14 ತೋರಿಸಿತು. ನಾನು, ತಮ್ಮ ಇಬ್ಬರೂ ಮೂರು ಸಲ ನೋಡಿದೆವು. ಬಲಗಡೆ 0.06.

ಎಡ ಕ್ಯಾಲಿಪರಿನ ಮೇಲಿನ ಪಿನ್ನು ಬೆರಳಲ್ಲಿ ದೂಡಿದರೆ ಜಾರುತ್ತದೆ, ಕೆಳಗಿನದು ಮಿಸುಕಲಿಲ್ಲ. ಪಾನಾ ಹಾಕಿ ತಿರುಗಿಸಿ ತಿರುಗಿಸಿ ಎಳೆದಾಗ ಕರ‍್ರಗಿನ ಗ್ರೀಸು, ತುಕ್ಕು ಎಲ್ಲ ಸೇರಿ ಗೋಂದಿನ ಹಾಗೆ ಬಂತು. ರಬ್ಬರು ಉಬ್ಬಿ ದಪ್ಪ ಆಗಿತ್ತು. ಒಳಗಿನ ಪ್ಯಾಡು ಎರಡೂವರೆ ತಿಂಗಳಿಗೇ ಸವೆದು ಹೊರಗಿನದರ ಅರ್ಧ ದಪ್ಪಕ್ಕೆ ಬಂದಿದೆ, ಅದೂ ಓರೆಯಾಗಿ.

ಡಿಸ್ಕ್ ಹಬ್ಬನ್ನು ಬಿಟ್ಟು ಬರಲಿಲ್ಲ. ಡಿಸ್ಕಿನಲ್ಲಿದ್ದ, ಥ್ರೆಡ್ ಕೊರೆದ ಎರಡು ತೂತಿಗೆ 8 ಮಿ.ಮೀ. ಬೋಲ್ಟ್ ಹಾಕಿ ಸಮ ಸಮ ಬಿಗಿದಾಗ ಟಪ್ ಅಂತ ಬಿಟ್ಟಿತು. ಹಬ್ಬಿನ ಮುಖದಲ್ಲಿ ತುಕ್ಕಿನ ಚಕ್ಕೆಗಳು, ಬೋಲ್ಟಿನ ಬುಡದ ಸುತ್ತ ಬಳೆಯ ಹಾಗೆ ಉಬ್ಬಿದ್ದವು. ದಾವಣಗೆರೆ ಅಣ್ಣ ಅಲ್ಲೇ ಕೂತು ನೋಡಿದ ಹಾಗೆ ಹೇಳಿದ್ದರು.

ವೈರ್ ಬ್ರಷ್, ಎಮರಿ ಪೇಪರ್ ಹಿಡಿದು ಮುಕ್ಕಾಲು ಗಂಟೆ ತಿಕ್ಕಿದೆವು. ಅದೇ ಹಳೆ ಡಿಸ್ಕ್ ವಾಪಸ್ ಹಾಕಿ ಅಳೆದರೆ 0.07. ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಹಾಕಿದಾಗ 0.04ಕ್ಕೆ ಇಳಿಯಿತು! ಬರೀ ತಿರುಗಿಸಿದ್ದಕ್ಕೆ!

ದಪ್ಪದಲ್ಲಿ ಮಾತ್ರ ಸೋತೆ. ಎಂಟು ಕಡೆಯಲ್ಲಿ ಹೆಚ್ಚೆಂದರೆ 18.31, ಕಡಿಮೆ 18.28. ಡಿಸ್ಕಿನ ಮೇಲೆ ಕನಿಷ್ಠ 18 ಅಂತ ಉಂಟು.

ದಾವಣಗೆರೆ ಲೇತ್

0.03 ಏರುಪೇರು, ನಿಮ್ಮ ನಡುಕ ಅದೇ. ಕಾಯಿಲೆ ಹಬ್ಬಿಂದು, ಗಾಯ ಡಿಸ್ಕಿಂದು. ಇನ್ನೊಂದ್ಸಲ ಕತ್ತರಿಸಿದ್ರೆ 18ರ ಹತ್ತಿರ ಹೋಗುತ್ತೆ, ಮುಂದಿನ ಮಳೆಗಾಲಕ್ಕೆ ಅದಕ್ಕೂ ಕೆಳಗೆ. ನನ್ನ ಹೊಟ್ಟೆಪಾಡಿಗೆ ವಿರುದ್ಧ ಹೇಳ್ತಿದೀನಿ, ಲೇತಿಗೆ ಕೊಡಬೇಡಿ. ಹೊಸಾ ಜೋಡಿ ತಗೊಳ್ಳಿ, ಒಂದೇ ಕಡೆ ಹಾಕಿದ್ರೆ ಗಾಡಿ ಒಂದು ಪಕ್ಕಕ್ಕೆ ಎಳೀಬಹುದು.

ಎರಡನೇ ಗೇರ್

ಬೆಂಗಳೂರಿಗೆ ಬರುವವರಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಹಚ್ಚಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿಯೇ ಹಾಕಿ. ಲೋವರ್ ಆರ್ಮ್ ಬುಷ್ಷಿಗೆ ಕಬ್ಬಿಣದ ರಾಡು ಕೊಟ್ಟು ಮೀಟಿ ನೋಡಿದಿರಾ? ಬುಷ್ ಹೋಗಿದ್ದರೆ ಸಣ್ಣ ನಡುಕವನ್ನೂ ದೊಡ್ಡದು ಮಾಡಿ ಕೈಗೆ ಕೊಡುತ್ತೆ, ತಾನಾಗಿ ಹುಟ್ಟಿಸುವುದು ಕಡಿಮೆ.

ಉಜಿರೆಯವ

ಮೀಟಿದೆ, ಗಟ್ಟಿ ಉಂಟು. ರಬ್ಬರಿನ ಮೇಲೆ ಸಣ್ಣ ಬಿರುಕು ಮಾತ್ರ.

ಡಿಪೋ ಮೇಸ್ತ್ರಿ

ಹಾಗಾದರೆ ಅದಕ್ಕೆ ಕೈ ಹಾಕಬೇಡ. ಪಿನ್ನಿಗೆ ಬೇರಿಂಗಿನ ಗ್ರೀಸು ಹಚ್ಚಿದ್ದಾರೆ ನೋಡು, ಅದಕ್ಕೇ ರಬ್ಬರ್ ಉಬ್ಬಿದ್ದು. ಕ್ಯಾಲಿಪರಿಗೇ ಅಂತ ಸಿಲಿಕಾನ್ ಗ್ರೀಸ್ ಸಿಗುತ್ತೆ, ಸಣ್ಣ ಪೊಟ್ಟಣ. ಕ್ಯಾಲಿಪರನ್ನು ಹೋಸಿನಲ್ಲಿ ನೇತಾಡಿಸಬೇಡ, ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗು ಹಾಕು. ಪಿಸ್ಟನ್ ಹಿಂದಕ್ಕೆ ಒತ್ತುವ ಮೊದಲು ಬಾನೆಟ್ ತೆಗೆದು ಆಯಿಲ್ ಡಬ್ಬಿ ನೋಡು, ಉಕ್ಕಿ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತೆ. ಎಲ್ಲ ಮುಗಿದ ಮೇಲೆ ಗಾಡಿ ಹೊರಡಿಸುವ ಮೊದಲು ಪೆಡಲ್ಲು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತು. ಮರೆತವರು ಕೊಟ್ಟಿಗೆಯ ಗೋಡೆಗೆ ಗುದ್ದಿದ್ದನ್ನು ನೋಡಿದ್ದೇನೆ.

ನಟ್ಟನ್ನು ಗಾಳಿ ಗನ್ನಿನಲ್ಲಿ ಬಿಗಿಸಬೇಡ. ಎದುರು ಬದುರು, ಎರಡು ಮೂರು ಸುತ್ತಿನಲ್ಲಿ ಕೈಯಲ್ಲೇ ಬಿಗಿ.

ಉಜಿರೆಯವ (ಮಾರ್ಚ್ 24)

ಹೊಸ ಡಿಸ್ಕ್ ಜೋಡಿ, ಪ್ಯಾಡ್, ಪಿನ್ ಕಿಟ್, ಗ್ರೀಸ್ ಎಲ್ಲ ಸೇರಿ 6,400. ಕೂಲಿ ನಮ್ಮದೇ, ಮಧ್ಯಾಹ್ನ ಅಮ್ಮ ಕೊಟ್ಟ ಗಂಜಿ ಊಟ. ಎಡ 0.03, ಬಲ 0.04. ನಟ್ಟಿಗೆ ಟಾರ್ಕ್ ಪಾನಾ ಕಡ ತಂದು ಗಾಡಿಯ ಪುಸ್ತಕದಲ್ಲಿದ್ದ ಹಾಗೆ 100 ನ್ಯೂಟನ್ ಮೀಟರ್ ಕೊಟ್ಟೆ.

ಪ್ಯಾಡ್ ಕೂರಲಿಕ್ಕೆ ಎಂಜಿನಿಯರ್ ಮೆಸೇಜಿನಲ್ಲಿ ಹೇಳಿಕೊಟ್ಟ ಹಾಗೆ ಬೆಳಗ್ಗೆ ಐದೂವರೆಗೆ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಹೋಗುವುದು, ನಡುವೆ ತಣಿಯಲಿಕ್ಕೆ ಬಿಡುವುದು, ಹೀಗೆ ಹತ್ತು ಸಲ. ಹಾಲು ಕೊಡಲಿಕ್ಕೆ ಹೊರಟವರೊಬ್ಬರು ಬೈಕ್ ನಿಲ್ಲಿಸಿ "ಗಾಡಿ ಹಾಳಾಗಿದೆಯಾ?" ಅಂತ ಕೇಳಿದರು.

100ರಿಂದ ಬ್ರೇಕ್ ಹಿಡಿದರೂ ಕೈಗೆ ಎಂತದೂ ಇಲ್ಲ. ಬಿಸಿ ಎಡ 91, ಬಲ 88.

ಹುಬ್ಬಳ್ಳಿ ಹವಾ

24,000 ಎಲ್ಲಿ, 6,400 ಎಲ್ಲಿ! ಗ್ಯಾರೇಜ್‌ನವರಿಗೆ ಹೋಗಿ ಕೇಳ್ರಿ.

ಉಜಿರೆಯವ

ಕೇಳಿದೆ. "ಹಬ್ ತಿಕ್ಕಲಿಕ್ಕೆ ಯಾರೂ ಕೂಲಿ ಕೊಡುವುದಿಲ್ಲ ಸಾರ್" ಅಂದರು. ಅದೂ ಸುಳ್ಳಲ್ಲ.

ಉಜಿರೆಯವ (ಜೂನ್ 29)

ಮಳೆಗಾಲದ ವರದಿ. 7,000 ಕಿ.ಮೀ. ದಾಟಿತು, ಎರಡು ಸಲ ಚಾರ್ಮಾಡಿ ಇಳಿದಾಯಿತು. ಈಗ ಇಳಿಯುವುದು ಎರಡನೇ ಗೇರಿನಲ್ಲೇ. ತಿರುವಿಗೆ ಮೊದಲು ಒಮ್ಮೆ ಗಟ್ಟಿ ಒತ್ತಿ ಬಿಟ್ಟುಬಿಡುವುದು. ಹಿಂದಿನವರು ಹಾರ್ನ್ ಹಾಕಿದರೆ ಹಾಕಲಿ. ಕೆಳಗೆ ಬಂದ ಮೇಲೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ, ಆಮೇಲೆ ಟೀಗೆ ನಿಲ್ಲಿಸುತ್ತೇನೆ.

ನಿನ್ನೆ ಬೆಳಗ್ಗೆ ಮೊದಲ ಎರಡು ಬ್ರೇಕಿಗೆ ಕರಕರ ಅಂತು, ಎದೆ ಝಲ್ ಅಂತು. ಮೂರನೆಯದಕ್ಕೆ ಹೋಯಿತು.

ಡಿಪೋ ಮೇಸ್ತ್ರಿ

ರಾತ್ರಿ ಮಳೆಯ ತುಕ್ಕು ತಮ್ಮಾ, ಅದನ್ನು ಪ್ಯಾಡೇ ಒರೆಸುತ್ತೆ. ವಾರಗಟ್ಟಲೆ ನಿಲ್ಲಿಸಬೇಡ ಅಷ್ಟೇ.

ಶಿರಸಿ ಹೊಸಬ (ಜುಲೈ 3)

ಪೂರ್ತಿ ಓದಿದೆ, ನನ್ನದೂ ಇದೇ ಕಥೆ, ನಾಳೆ ಬಿಚ್ಚುವವನಿದ್ದೇನೆ. ಮೇಲಿನ ಪಿನ್ನು, ಕೆಳಗಿನ ಪಿನ್ನು ಒಂದೇನಾ? ಅದಲು ಬದಲಾದರೆ ತೊಂದರೆಯೇ?

ದಾವಣಗೆರೆ ಲೇತ್

ಕೆಲವು ಗಾಡೀಲಿ ಒಂದು ಪಿನ್ನಿನ ತುದಿಗೆ ಸಣ್ಣ ರಬ್ಬರ್ ಬುಷ್ ಇರುತ್ತೆ, ಇನ್ನೊಂದು ಬೋಳು. ಅದಲು ಬದಲಾದ್ರೆ ಮತ್ತೆ ಹಿಡಿಯುತ್ತೆ. ಒಂದು ಬಿಚ್ಚಿ, ತೊಳೆದು, ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ಉಜಿರೆಯವ

ನಾನು ಎರಡನ್ನೂ ಒಟ್ಟಿಗೆ ಬಿಚ್ಚಿ ತಟ್ಟೆಯಲ್ಲಿ ಇಟ್ಟಿದ್ದೆ, ಬೆಕ್ಕು ಬಂದು ಉರುಳಿಸಿತು. ಬಲಗಡೆಯದನ್ನು ಬಿಚ್ಚಿ ನೋಡಿ ಸರಿ ಮಾಡಿದ್ದು. ಎರಡೂ ಬದಿ ಒಂದೇ ಸಲ ಬಿಚ್ಚಬೇಡಿ.